ಮೂರನೆಯ ಖಾನೆಯ ಸೊನ್ನೆ: ಜಾವಾ ಅರೇಯ ಡೀಫಾಲ್ಟ್ ಮೌಲ್ಯ ಮತ್ತು ಒಂದು ನೀರಿನ ಸೋರಿಕೆಯ ಪ್ರಕರಣ

ಬೆಂಗಳೂರಿನ ಹೊರ ವರ್ತುಲ ರಸ್ತೆಯ ಆಚೆಗಿರುವ ಒಂದು ಅಪಾರ್ಟ್‌ಮೆಂಟ್ ಸಮುಚ್ಚಯದಲ್ಲಿ ಪ್ರತಿ ಮನೆಗೂ ನೀರಿನ ಮೀಟರ್ ಹಾಕಿಸಲಾಗಿತ್ತು. ಕಾವೇರಿ ನೀರು, ಕೊಳವೆಬಾವಿಯ ನೀರು, ಟ್ಯಾಂಕರ್ ನೀರು ಮೂರೂ ಒಂದೇ ಸಂಪಿಗೆ ಬಂದು ಬೀಳುವ ಇಂಥ ಸಮುಚ್ಚಯಗಳಲ್ಲಿ ಮೊದಲೆಲ್ಲ ನೀರಿನ ಖರ್ಚನ್ನು ಮನೆಯ ಅಳತೆಗೆ ತಕ್ಕಂತೆ ಹಂಚುವುದು ರೂಢಿಯಾಗಿತ್ತು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ದರಕ್ಕೆ ಜಿಲ್ಲಾಡಳಿತವೇ ಮಿತಿ ಹಾಕಬೇಕಾಗಿ ಬಂದ ಮೇಲೆ, ಬಳಸಿದಷ್ಟಕ್ಕೆ ಹಣ ಕೊಡುವ ಪದ್ಧತಿಯ ಬಗ್ಗೆ ಇಲ್ಲಿಯ ನಿವಾಸಿಗಳಲ್ಲಿ ತಕರಾರು ಉಳಿಯಲಿಲ್ಲ. ಮೀಟರ್ ಮತ್ತು ಅದರ ತಂತ್ರಾಂಶವನ್ನು ಒದಗಿಸಿದ್ದು ನಗರದ್ದೇ ಒಂದು ಸಣ್ಣ ಕಂಪನಿ. ತಂತ್ರಾಂಶ ಜಾವಾ ಭಾಷೆಯಲ್ಲಿತ್ತು. ಕಂಪನಿಯ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬಿಟ್ಟಿದ್ದೇನೆ, ಸಂಖ್ಯೆಗಳನ್ನು ಲೆಕ್ಕಕ್ಕೆ ಅನುಕೂಲವಾಗುವಂತೆ ಸರಳಗೊಳಿಸಿದ್ದೇನೆ.

ತಂತ್ರಾಂಶ ಎರಡು ಕೆಲಸ ಮಾಡುತ್ತಿತ್ತು. ಮೊದಲನೆಯದು ಬಿಲ್ಲು. ತಿಂಗಳ ಕೊನೆಯಲ್ಲಿ ಮೀಟರಿನ ಮುಖದ ಮೇಲೆ ಕಾಣುವ ಒಟ್ಟು ಅಂಕಿಯನ್ನು ತೆಗೆದುಕೊಂಡು, ಹಿಂದಿನ ತಿಂಗಳ ಅಂಕಿಯನ್ನು ಕಳೆದು ಬಿಲ್ಲು ತಯಾರಾಗುತ್ತಿತ್ತು. ಎರಡನೆಯದು ಸೋರಿಕೆಯ ಎಚ್ಚರಿಕೆ. ಮೀಟರ್ ಪ್ರತಿ ಗಂಟೆ ಮುಗಿದ ಕೂಡಲೇ ಆ ಗಂಟೆಯಲ್ಲಿ ಹರಿದ ಲೀಟರುಗಳನ್ನು ರೇಡಿಯೊ ಮೂಲಕ ನೆಲಮಾಳಿಗೆಯಲ್ಲಿರುವ ಗೇಟ್‌ವೇ ಪೆಟ್ಟಿಗೆಗೆ ಕಳಿಸುತ್ತಿತ್ತು. ಬ್ಯಾಟರಿ ಉಳಿಸುವ ಸಲುವಾಗಿ ಒಂದೇ ಸಲ ಕಳಿಸಿ ಸುಮ್ಮನಾಗುತ್ತಿತ್ತು. ತಲುಪಿತೇ ಇಲ್ಲವೇ ಎಂದು ಕಾಯುತ್ತಿರಲಿಲ್ಲ. ಹೀಗೆ ಬಂದ ಅಂಕಿಗಳು ಪ್ರತಿ ಮನೆಗೆ, ಪ್ರತಿ ದಿನಕ್ಕೆ ಒಂದರಂತೆ ಸೃಷ್ಟಿಯಾಗುತ್ತಿದ್ದ 24 ಖಾನೆಗಳ ಡಬಲ್ ಅರೇಯಲ್ಲಿ, ಎಂದರೆ ದಶಮಾಂಶ ಸಂಖ್ಯೆಗಳನ್ನು (ಡಬಲ್) ಸಾಲಾಗಿ ಇಡುವ ಖಾನೆಗಳ ಪಟ್ಟಿಯಲ್ಲಿ (ಅರೇ), ಕೂರುತ್ತಿದ್ದವು. ಜಾವಾದಲ್ಲಿ ಖಾನೆಗಳ ಎಣಿಕೆ ಸೊನ್ನೆಯಿಂದ ಶುರುವಾಗುವುದರಿಂದ, ಮೂರರಿಂದ ನಾಲ್ಕು ಗಂಟೆಯವರೆಗಿನ ಅಂಕಿಯದ್ದು ಮೂರನೆಯ ಖಾನೆ. ಬೆಳಿಗ್ಗೆ ಆರಕ್ಕೆ ಓಡುತ್ತಿದ್ದ ನಿಯಮ ಸರಳವಾದದ್ದು: ನಡುರಾತ್ರಿಯಿಂದ ಐದರವರೆಗಿನ ಐದು ಖಾನೆಗಳಲ್ಲಿ ಒಂದರಲ್ಲಾದರೂ ಹರಿವು ಸೊನ್ನೆ ಇದ್ದರೆ ಸೋರಿಕೆ ಇಲ್ಲ, ಐದರಲ್ಲೂ ಹರಿವು ಇದ್ದರೆ ಎಲ್ಲೋ ನೀರು ಸೋರುತ್ತಿದೆ. ಎಲ್ಲರೂ ಮಲಗಿರುವ ಹೊತ್ತಿನಲ್ಲಿ ಒಂದು ಗಂಟೆಯೂ ನಿಲ್ಲದೆ ಹರಿಯುವ ನೀರು ಸಾಮಾನ್ಯವಾಗಿ ಫ್ಲಷ್ ಟ್ಯಾಂಕಿನ ಸವೆದ ವಾಲ್ವಿನದ್ದೇ ಆಗಿರುತ್ತದೆ. ನಿಯಮದಲ್ಲಿ ತಪ್ಪೇನೂ ಇರಲಿಲ್ಲ.

ಮೊದಲ ಕೆಲವು ತಿಂಗಳು ಎಚ್ಚರಿಕೆಗಳು ಬಂದವು, ಪ್ಲಂಬರ್ ಹೋಗಿ ವಾಲ್ವ್ ಬದಲಿಸಿದರು. ಆಮೇಲೆ ಎಚ್ಚರಿಕೆಗಳು ಕಡಿಮೆಯಾಗಲಿಲ್ಲ, ಒಮ್ಮೆಗೇ ನಿಂತವು. ಸೋರುವ ವಾಲ್ವುಗಳೆಲ್ಲ ಬದಲಾಗಿವೆ ಎಂದು ಸಂಘದವರು ಸಮಾಧಾನಪಟ್ಟರು, ಕಂಪನಿಯವರು ಅದನ್ನೇ ಹೊಸ ಗ್ರಾಹಕರಿಗೆ ತೋರಿಸತೊಡಗಿದರು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಮೊದಲು ಅನುಮಾನ ಹುಟ್ಟಬೇಕಾಗಿದ್ದ ಜಾಗ ಇದು. ನೂರಾರು ಮನೆಗಳಿರುವ ಕಡೆ ಒಂದು ವಾಲ್ವೂ ಸೋರದ ತಿಂಗಳು ಇರುವುದಿಲ್ಲ.

ಬೆಳಕಿಗೆ ಬಂದದ್ದು

ಒಂದು ಮನೆಯವರು ಮದುವೆಗೆಂದು ಊರಿಗೆ ಹೋಗಿ ಅಲ್ಲೇ ಉಳಿದುಕೊಂಡಿದ್ದರು. ತಿಂಗಳಿಡೀ ಮನೆಗೆ ಬೀಗ ಹಾಕಿತ್ತು. ಬಿಲ್ಲು ಮಾತ್ರ 14,400 ಲೀಟರಿಗೆ ಬಂತು, ಎಂದರೆ 6,000 ಲೀಟರಿನ ಎರಡು ಟ್ಯಾಂಕರುಗಳಿಗಿಂತ ಹೆಚ್ಚು. ದೂರು ಸಂಘದ ಖಜಾಂಚಿಗಳ ಬಳಿಗೆ ಹೋಯಿತು. ಅವರು ಬ್ಯಾಂಕಿನಿಂದ ನಿವೃತ್ತರಾದವರು. ಆ್ಯಪಿನಲ್ಲಿ ಕಾಣುವ ಬಣ್ಣದ ನಕ್ಷೆಯನ್ನು ನಂಬದೆ ಗಂಟೆವಾರು ಪಟ್ಟಿಯನ್ನು ಮುದ್ರಿಸಿಕೊಂಡು ಕೂಡಿದರು. ಹರಿವು ಗಂಟೆಗೆ 20 ಲೀಟರಿನಂತೆ ಇತ್ತು. ದಿನಕ್ಕೆ 480 ಆಗಬೇಕು, ಪಟ್ಟಿಯ ಮೊತ್ತ 460 ತೋರಿಸುತ್ತಿತ್ತು. ತಿಂಗಳ ಲೆಕ್ಕದಲ್ಲಿ 600 ಲೀಟರ್ ಕಡಿಮೆ. ಕಡಿಮೆ ಬೀಳುತ್ತಿದ್ದುದು ಎಲ್ಲಿ ಎಂಬುದೂ ಪಟ್ಟಿಯಲ್ಲೇ ಕಾಣುತ್ತಿತ್ತು: ಮೂವತ್ತು ದಿನವೂ ಮೂರು ಗಂಟೆಯ ಕಂಬಸಾಲಿನಲ್ಲಿ ಸೊನ್ನೆ. ಅವರು ಪಕ್ಕದ ಮನೆಯ ಪಟ್ಟಿಯನ್ನೂ ತೆಗೆಸಿದರು. ಅಲ್ಲೂ ಅದೇ.

“ಇಡೀ ಬ್ಲಾಕಿನವರೆಲ್ಲ ಒಟ್ಟಿಗೆ ಮೂರು ಗಂಟೆಗೆ ನಲ್ಲಿ ನಿಲ್ಲಿಸ್ತಾರೇನಮ್ಮಾ?” ಎಂದು ಅವರು ಕಂಪನಿಯ ಎಂಜಿನಿಯರಿಗೆ ಫೋನಿನಲ್ಲಿ ಕೇಳಿದರು. “ಸೊನ್ನೆ ಬಂದಿದೆ ಅಂದ್ರೆ ಮೀಟರ್ ಸೊನ್ನೆ ಕಳಿಸಿದೆ ಅಂತ ಅರ್ಥ ಸರ್” ಎಂಬ ಉತ್ತರ ಬಂತು. ಆ ಉತ್ತರ ಸರಿಯಲ್ಲ ಎಂಬುದೇ ಈ ಪ್ರಕರಣದ ತಿರುಳು.

ಗೇಟ್‌ವೇ ಪೆಟ್ಟಿಗೆಗಳ ದಾಖಲೆ ತೆಗೆದು ನೋಡಿದಾಗ ಕಾರಣ ಹೊರಬಿತ್ತು. ಪೆಟ್ಟಿಗೆಗಳು ಆಗಾಗ ಸಿಕ್ಕಿಕೊಳ್ಳುತ್ತಿದ್ದ ಕಾರಣ, ನಿರ್ವಹಣೆಯವರು ಅವು ಪ್ರತಿದಿನ ಬೆಳಗಿನ ಜಾವ ನಾಲ್ಕಕ್ಕೆ ತಾವಾಗಿ ರೀಸ್ಟಾರ್ಟ್ ಆಗುವಂತೆ ಹೊಂದಿಸಿದ್ದರು. ಮೂರರಿಂದ ನಾಲ್ಕರವರೆಗಿನ ಅಂಕಿಯನ್ನು ಮೀಟರುಗಳು ಕಳಿಸುತ್ತಿದ್ದುದೂ ನಾಲ್ಕು ಗಂಟೆಯ ಮೊದಲ ಕೆಲವು ನಿಮಿಷಗಳಲ್ಲೇ. ಕೇಳುವ ಪೆಟ್ಟಿಗೆ ಆಗ ಎಚ್ಚರವಿರುತ್ತಿರಲಿಲ್ಲ. ಎಚ್ಚರಿಕೆಗಳು ನಿಂತ ದಿನವೂ ಈ ಹೊಂದಿಕೆ ಮಾಡಿದ ದಿನವೂ ಒಂದೇ ಆಗಿತ್ತು.

ಇಷ್ಟನ್ನು ಜಾಲದ ತೊಂದರೆ ಎಂದು ಬರೆದು ಮುಗಿಸಬಹುದಿತ್ತು, ಕಂಪನಿಯ ಮೊದಲ ವರದಿ ಹಾಗೆಯೇ ಇತ್ತು. ರೇಡಿಯೊ ಸಂದೇಶ ತಪ್ಪಿಹೋಗುವುದು ದಿನನಿತ್ಯದ ಸಂಗತಿ, ಅದನ್ನು ಎದುರುನೋಡಿಯೇ ತಂತ್ರಾಂಶ ಬರೆಯಬೇಕು. ಕೇಳಬೇಕಾದ ಪ್ರಶ್ನೆ ಬೇರೆ. ಯಾರೂ ಕಳಿಸದ, ಯಾರೂ ಬರೆಯದ ಸೊನ್ನೆ ಆ ಖಾನೆಗೆ ಎಲ್ಲಿಂದ ಬಂತು?

ಸೊನ್ನೆಯ ಮೂಲ

ಜಾವಾದಲ್ಲಿ ‘ನ್ಯೂ ಡಬಲ್ [24]’ ಎಂದು ಬರೆದ ಕ್ಷಣದಲ್ಲಿ ಹೀಪ್ ಎಂಬ ಮೆಮೊರಿಯ ಭಾಗದಲ್ಲಿ ಒಂದು ಆಬ್ಜೆಕ್ಟ್, ಎಂದರೆ ಮಾಹಿತಿಯ ಒಂದು ಘಟಕ, ಹುಟ್ಟುತ್ತದೆ. ಅರೇ ಕೂಡ ಒಂದು ಆಬ್ಜೆಕ್ಟೇ. ತನ್ನ ಉದ್ದವನ್ನು ತಾನೇ ಹೊತ್ತಿರುತ್ತದೆ ಮತ್ತು ಆ ಉದ್ದ ಮುಂದೆ ಬದಲಾಗುವುದಿಲ್ಲ. ಅದರ ಪ್ರತಿಯೊಂದು ಖಾನೆಯೂ ಯಾರಾದರೂ ಓದುವ ಮೊದಲೇ ತನ್ನ ಪ್ರಕಾರಕ್ಕೆ (ಟೈಪ್) ನಿಗದಿಯಾದ ಡೀಫಾಲ್ಟ್ ಮೌಲ್ಯವನ್ನು ಪಡೆದಿರಬೇಕು ಎಂದು ಭಾಷೆಯ ನಿರ್ದಿಷ್ಟತೆಯ (ಸ್ಪೆಸಿಫಿಕೇಶನ್) 4.12.5ನೆಯ ವಿಭಾಗ ಹೇಳುತ್ತದೆ. ಬೈಟ್, ಶಾರ್ಟ್, ಇಂಟ್, ಲಾಂಗ್ ಪ್ರಕಾರಗಳಿಗೆ 0. ಫ್ಲೋಟ್ ಮತ್ತು ಡಬಲ್‌ಗೆ ಧನ ಸೊನ್ನೆ 0.0, ಹೌದು-ಅಲ್ಲ ಎಂದಷ್ಟೇ ಹೇಳುವ ಬೂಲಿಯನ್‌ಗೆ ಫಾಲ್ಸ್ (ಅಲ್ಲ), ಒಂದು ಅಕ್ಷರವನ್ನು ಹಿಡಿಯುವ ಕ್ಯಾರ್‌ಗೆ ಯೂನಿಕೋಡ್ ಪಟ್ಟಿಯ ಸೊನ್ನೆಯ ಸ್ಥಾನದ ಅಕ್ಷರ (U+0000), ಉಳಿದಂತೆ ಸ್ಟ್ರಿಂಗ್ ಇರಲಿ, ನಾವೇ ಬರೆದ ಕ್ಲಾಸ್ ಇರಲಿ, ಇನ್ನೊಂದು ಅರೇಯೇ ಇರಲಿ, ಆಬ್ಜೆಕ್ಟಿನ ವಿಳಾಸವನ್ನು ಹಿಡಿಯುವ ಎಲ್ಲ ರೆಫರೆನ್ಸ್ ಪ್ರಕಾರಗಳಿಗೂ ನಲ್, ಎಂದರೆ ಯಾವ ಆಬ್ಜೆಕ್ಟೂ ಇಲ್ಲ. ಆಬ್ಜೆಕ್ಟಿನ ಫೀಲ್ಡುಗಳಿಗೂ ಇದೇ ಪಟ್ಟಿ.

ಹೀಗೇಕೆ ಎಂಬುದನ್ನು ನಮ್ಮ ಪಠ್ಯಪುಸ್ತಕಗಳು ಸಾಮಾನ್ಯವಾಗಿ ಬಿಡಿಸಿ ಹೇಳುವುದಿಲ್ಲ, ಪಟ್ಟಿ ಬಾಯಿಪಾಠ ಮಾಡಿಸಿ ಮುಂದೆ ಹೋಗುತ್ತವೆ. ಹೊಸ ಅರೇಗೆ ಸಿಗುವ ಜಾಗದಲ್ಲಿ ಮೊದಲು ಬೇರಾವುದೋ ಆಬ್ಜೆಕ್ಟ್ ಇದ್ದಿರಬಹುದು. ಅದರ ಹಳೆಯ ಬಿಟ್‌ಗಳನ್ನು ಹಾಗೆಯೇ ಬಿಟ್ಟರೆ, ಒಂದು ರೆಫರೆನ್ಸ್ ಖಾನೆಯನ್ನು ಓದಿದವರು ಎಲ್ಲಿಯದೋ ವಿಳಾಸವನ್ನು ಹಿಡಿದು ಹೊರಡುತ್ತಾರೆ, ಜಾವಾ ಕೊಡುವ ಪ್ರಕಾರ ಸುರಕ್ಷತೆ ಅಲ್ಲಿಗೆ ಮುರಿದುಬೀಳುತ್ತದೆ. ಆದ್ದರಿಂದ ಜಾಗವನ್ನು ಒರೆಸಿಯೇ ಕೊಡಬೇಕು. ಪೂರ್ಣಾಂಕದ 0, ಐಇಇಇ 754 ಮಾನದಂಡದ 0.0, ಫಾಲ್ಸ್, ಮತ್ತು ರೂಢಿಯ ಜಾವಾ ಯಂತ್ರಗಳಲ್ಲಿ ನಲ್, ಇವೆಲ್ಲ ಎಲ್ಲ ಬಿಟ್‌ಗಳೂ ಸೊನ್ನೆಯಾಗಿರುವ ಸ್ಥಿತಿಯೇ ಆಗಿರುವುದರಿಂದ, ಒಂದೇ ರೀತಿಯ ಒರೆಸುವಿಕೆ ಎಲ್ಲ ಪ್ರಕಾರಗಳಿಗೂ ಸಾಲುತ್ತದೆ. ಸಿ++ ಈ ಖರ್ಚನ್ನು ಪ್ರೋಗ್ರಾಮರ್ ಇಷ್ಟಕ್ಕೆ ಬಿಟ್ಟಿದೆ. ಅಲ್ಲಿ ‘ನ್ಯೂ ಇಂಟ್ [24]’ ಎಂದಷ್ಟೇ ಬರೆದರೆ ಖಾನೆಗಳಲ್ಲಿ ಏನಿದೆ ಎಂಬುದಕ್ಕೆ ಖಾತರಿಯಿಲ್ಲ, ಕೊನೆಗೆ ಖಾಲಿ ಆವರಣ ಚಿಹ್ನೆ ಸೇರಿಸಿದರೆ ಸೊನ್ನೆಯಾಗುತ್ತದೆ.

ಎಂದರೆ ಜಾವಾದ ಸೊನ್ನೆ ಮೆಮೊರಿಯ ಬಗ್ಗೆ ಕೊಟ್ಟ ಭರವಸೆ. ನೀರಿನ ಬಗ್ಗೆ ಅದು ಏನನ್ನೂ ಹೇಳುತ್ತಿಲ್ಲ. ನಿಯಮ ಬರೆದವರು ಅದನ್ನು ನೀರಿನ ಮಾತಾಗಿ ಓದಿದರು.

ಇಲ್ಲಿ ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಇದೇ ಅಂಕಿ ಅರೇಯ ಬದಲು ಮೆಥಡಿನ (ಒಂದು ಕೆಲಸ ಮಾಡುವ ಸಂಕೇತದ ತುಣುಕಿನ) ಒಳಗಷ್ಟೇ ಬಳಸುವ ಒಂದು ಲೋಕಲ್ ವೇರಿಯಬಲ್‌ನಲ್ಲಿ ಇದ್ದಿದ್ದರೆ, ಸಂಕೇತವನ್ನು ಯಂತ್ರಕ್ಕೆ ಅನುವಾದಿಸುವ ಕಂಪೈಲರ್ ಒಪ್ಪುತ್ತಲೇ ಇರಲಿಲ್ಲ. ಲೋಕಲ್ ವೇರಿಯಬಲ್‌ಗಳಿಗೆ ಜಾವಾ ಡೀಫಾಲ್ಟ್ ಮೌಲ್ಯ ಕೊಡುವುದಿಲ್ಲ. ಓದುವ ಮೊದಲು ಎಲ್ಲ ದಾರಿಗಳಲ್ಲೂ ಮೌಲ್ಯ ಸಿಕ್ಕಿದೆ ಎಂದು ಸಾಬೀತಾಗದಿದ್ದರೆ ದೋಷ ತೋರಿಸಿ ನಿಲ್ಲುತ್ತದೆ. ನಿರ್ದಿಷ್ಟತೆಯ 16ನೆಯ ಅಧ್ಯಾಯ ಪೂರ್ತಿ ಈ ಪರೀಕ್ಷೆಗೇ ಮೀಸಲಾಗಿದೆ. ಅರೇಯ ಖಾನೆಗಳಿಗೆ ಈ ಪರೀಕ್ಷೆಯನ್ನು ಹೂಡಲು ಬರುವುದಿಲ್ಲ. ಯಾವ ಸೂಚ್ಯಂಕಕ್ಕೆ (ಖಾನೆಯ ಕ್ರಮಸಂಖ್ಯೆಗೆ) ಯಾವಾಗ ಬರೆಯಲಾಗುತ್ತದೆ ಎಂಬುದು ಪ್ರೋಗ್ರಾಮ್ ಓಡುವಾಗ, ಈ ಪ್ರಕರಣದಲ್ಲಂತೂ ರೇಡಿಯೊ ಸಂದೇಶ ಬಂದಾಗ, ತೀರ್ಮಾನವಾಗುವ ವಿಷಯ. ಹೀಗಾಗಿ ಬಿಡಿ ವೇರಿಯಬಲ್‌ನ ವಿಷಯದಲ್ಲಿ ಅಷ್ಟು ಕಟ್ಟುನಿಟ್ಟಾದ ಕಂಪೈಲರ್, ಅದೇ ಅಂಕಿ ಅರೇಯ ಒಳಗೆ ಹೋದ ಕೂಡಲೇ ಮೌನವಾಗುತ್ತದೆ. ಭಾಷೆ ಕಲಿಯುವವರಿಗೆ ಈ ಎರಡು ನಡತೆಗಳು ಬೇರೆ ಬೇರೆ ಪಾಠಗಳಲ್ಲಿ ಸಿಗುವುದರಿಂದ ಅವುಗಳ ನಡುವಣ ಅಂತರ ಮನಸ್ಸಿಗೆ ನಾಟುವುದಿಲ್ಲ.

ಪರೀಕ್ಷಾ ಸಂಕೇತ (ಟೆಸ್ಟ್ ಕೋಡ್) ಇದನ್ನು ಏಕೆ ಹಿಡಿಯಲಿಲ್ಲ ಎಂಬುದಕ್ಕೆ ಉತ್ತರ ಚಿಕ್ಕದು. ಪರೀಕ್ಷೆಗಳೆಲ್ಲ 24 ಖಾನೆಗಳನ್ನೂ ತುಂಬಿದ ಅರೇಗಳ ಮೇಲೆ ನಡೆದಿದ್ದವು. ಖಾಲಿ ಅರೇಯ ಮೇಲೆ ಇದ್ದ ಒಂದೇ ಪರೀಕ್ಷೆ ‘ಸೋರಿಕೆ ಇಲ್ಲ’ ಎಂಬ ಉತ್ತರವನ್ನು ನಿರೀಕ್ಷಿಸುತ್ತಿತ್ತು, ಅದೇ ಬರುತ್ತಿತ್ತು.

ತಿದ್ದುವ ಪ್ರಯತ್ನಗಳು

ಮೊದಲು ಹೊಳೆದದ್ದು ಅರೇ ಹುಟ್ಟಿದ ಕೂಡಲೇ ಅರೇಸ್ ಕ್ಲಾಸಿನ ಫಿಲ್ ಮೆಥಡ್ ಬಳಸಿ ಎಲ್ಲ ಖಾನೆಗಳಿಗೂ –1 ತುಂಬುವುದು. ಇದು ಹಳೆಯ ರೂಢಿ, ಬಳಕೆಯಲ್ಲೂ ಇದೆ. ಆದರೆ ಗಂಟೆವಾರು ಅಂಕಿಗಳನ್ನು ಕೂಡುವ, ಸರಾಸರಿ ತೆಗೆಯುವ ಸಂಕೇತ ಬೇರೆ ಬೇರೆ ಕಡೆ ಹರಡಿಕೊಂಡಿತ್ತು. ಒಂದೊಂದು ಕಡೆಯೂ –1 ಅನ್ನು ನೆನಪಿಟ್ಟು ಬಿಡಬೇಕಾಗುತ್ತಿತ್ತು. ನೀರು ಹಿಮ್ಮುಖವಾಗಿ ಹರಿದದ್ದನ್ನು ಋಣ ಸಂಖ್ಯೆಯಾಗಿ ತೋರಿಸುವ ಮೀಟರುಗಳೂ ಇವೆ. ಪ್ರಸ್ತಾಪವನ್ನು ಕೈಬಿಡಲಾಯಿತು.

ಎರಡನೆಯದಾಗಿ ಬಂದ ನ್ಯಾನ್ ನೋಡಲು ಸೊಗಸಾಗಿತ್ತು. ‘ಇದು ಸಂಖ್ಯೆಯಲ್ಲ’ ಎಂದು ಹೇಳಲೆಂದೇ ಡಬಲ್ ಪ್ರಕಾರದಲ್ಲಿ ಒಂದು ಮೌಲ್ಯ ಇರುವಾಗ ಅದನ್ನೇ ತುಂಬಿದರೆ ಸಾಕಲ್ಲವೇ? ತುಂಬಿ ಓಡಿಸಿದರು. ಮರುದಿನವೂ ಎಚ್ಚರಿಕೆ ಬರಲಿಲ್ಲ. ಕಾರಣ ಹೀಗಿದೆ: ನ್ಯಾನ್ ಜೊತೆ ಮಾಡಿದ ಹೆಚ್ಚು, ಕಡಿಮೆ, ಸಮ ಎಂಬ ಯಾವ ಹೋಲಿಕೆಯೂ ನಿಜವಾಗುವುದಿಲ್ಲ, ಅದು ತನಗೆ ತಾನೇ ಸಮವಲ್ಲ. ನಿಯಮವನ್ನು ಸಂಕೇತದಲ್ಲಿ ‘ಐದೂ ಖಾನೆಗಳು ಸೊನ್ನೆಗಿಂತ ಹೆಚ್ಚಿದ್ದರೆ ಸೋರಿಕೆ’ ಎಂದು ಬರೆಯಲಾಗಿತ್ತು. ನ್ಯಾನ್ ಸೊನ್ನೆಗಿಂತ ಹೆಚ್ಚಲ್ಲ, ಆದ್ದರಿಂದ ಸೋರಿಕೆ ಇಲ್ಲ. ಅದೇ ನಿಯಮವನ್ನು ‘ಯಾವುದಾದರೂ ಖಾನೆ ಸೊನ್ನೆಗೆ ಸಮವಿದ್ದರೆ ಸೋರಿಕೆ ಇಲ್ಲ’ ಎಂದು ಬರೆದಿದ್ದರೆ, ನ್ಯಾನ್ ಸೊನ್ನೆಗೆ ಸಮವಲ್ಲವಾದ್ದರಿಂದ, ಉತ್ತರ ತಿರುವುಮುರುವಾಗಿ ಸೋರಿಕೆ ಇದೆ ಎಂದೇ ಬರುತ್ತಿತ್ತು. ತರ್ಕದಲ್ಲಿ ಒಂದೇ ಆಗಿರುವ ಎರಡು ವಾಕ್ಯಗಳು ಕಾಣೆಯಾದ ಅಂಕಿಯ ಮುಂದೆ ಎದುರುಬದುರು ನಿಂತವು, ಎರಡೂ ‘ಗೊತ್ತಿಲ್ಲ’ ಎನ್ನಲಿಲ್ಲ. ಇದರ ಮೇಲೆ ದಿನದ ಮೊತ್ತವೂ ನ್ಯಾನ್ ಆಗಿ, ಜೇಸನ್ ಎಂಬ ಪಠ್ಯರೂಪದಲ್ಲಿ ಆ್ಯಪಿಗೆ ಹೋಗಬೇಕಾದ ವರದಿ ಕೆಟ್ಟಿತು. ಜೇಸನ್ ಮಾನದಂಡದಲ್ಲಿ ನ್ಯಾನ್‌ಗೆ ಜಾಗವಿಲ್ಲ.

ಮೂರನೆಯದು ಪ್ರಿಮಿಟಿವ್ (ಬರಿಯ ಸಂಖ್ಯೆಯಾದ) ಡಬಲ್ ಬಿಟ್ಟು, ಆ ಸಂಖ್ಯೆಯನ್ನು ಆಬ್ಜೆಕ್ಟಿನಲ್ಲಿ ಸುತ್ತಿಡುವ ವ್ರ್ಯಾಪರ್ ಕ್ಲಾಸಿನ ಅರೇ ಬಳಸುವುದು. ಬರಹದಲ್ಲಿ ಇವೆರಡಕ್ಕೂ ಇರುವ ವ್ಯತ್ಯಾಸ ಒಂದು ದೊಡ್ಡಕ್ಷರದ್ದು, ಡೀಫಾಲ್ಟ್ ಮೌಲ್ಯದಲ್ಲಿ ಮಾತ್ರ ಸೊನ್ನೆಗೂ ನಲ್‌ಗೂ ಇರುವಷ್ಟು. ಬೆಳಿಗ್ಗೆ ಆರಕ್ಕೆ ಮೊದಲ ಮನೆಯ ಮೂರನೆಯ ಖಾನೆಯನ್ನು ಸೊನ್ನೆಯೊಂದಿಗೆ ಹೋಲಿಸಲು ಹೋದಾಗ, ನಲ್ ಅನ್ನು ಸಂಖ್ಯೆಯಾಗಿ ಬಿಚ್ಚಲಾಗದೆ ನಲ್‌ಪಾಯಿಂಟರ್‌ಎಕ್ಸೆಪ್ಷನ್ ಎಂಬ ದೋಷ ಎದ್ದು, ಇಡೀ ಓಟ ಅಲ್ಲಿಗೆ ನಿಂತಿತು. ಉಳಿದ ಯಾವ ಮನೆಯ ಪರೀಕ್ಷೆಯೂ ಆಗಲಿಲ್ಲ. ಜಾವಾ 15ರಿಂದ (14ರಲ್ಲಿ ಕೇಳಿಕೊಂಡರೆ ಮಾತ್ರ) ಈ ಎಕ್ಸೆಪ್ಷನ್ನಿನ ಸಂದೇಶ ಯಾವ ಅರೇಯ ಖಾನೆ ನಲ್ ಆಗಿತ್ತು ಎಂದು ಹೇಳುವಷ್ಟು ವಿವರವಾಗಿದೆ. ಆದರೂ ಸೂಚ್ಯಂಕ ಒಂದು ವೇರಿಯಬಲ್ ಆಗಿದ್ದರೆ ಅದರ ಹೆಸರನ್ನು ಹೇಳುತ್ತದೆಯೇ ಹೊರತು ಆ ಹೊತ್ತಿನಲ್ಲಿ ಅದರಲ್ಲಿದ್ದ ಸಂಖ್ಯೆಯನ್ನು ಹೇಳುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಈ ನಿಲುಗಡೆಯೇ ಹಿಂದಿನ ಮೌನಕ್ಕಿಂತ ಮೇಲು, ಕನಿಷ್ಠ ಪಕ್ಷ ಯಾರಾದರೂ ಎದ್ದು ನೋಡುತ್ತಾರೆ. ಸಂಘದವರಿಗೆ ಇದನ್ನು ಒಪ್ಪಿಸುವುದು ಕಷ್ಟ.

ಆಗ ತಂಡದ ಕಿರಿಯರೊಬ್ಬರು, ಇದು ಆಬ್ಜೆಕ್ಟ್ ಆಧಾರಿತ ಭಾಷೆಯಾದ್ದರಿಂದ ಪ್ರತಿ ಗಂಟೆಯ ಅಂಕಿಗೂ ಒಂದು ಆಬ್ಜೆಕ್ಟ್ ಇರಲಿ, ಹರಿವು ಮತ್ತು ‘ಬಂದಿದೆ’ ಎಂಬ ಗುರುತು ಎರಡೂ ಅದರಲ್ಲೇ ಇರಲಿ ಎಂದು ಒಂದು ಕ್ಲಾಸ್ ಬರೆದು, 24 ಖಾನೆಗಳ ಅರೇ ಮಾಡಿದರು. ಮತ್ತೆ ನಲ್. ಆಬ್ಜೆಕ್ಟುಗಳ ಅರೇಯನ್ನು ಸೃಷ್ಟಿಸಿದಾಗ ಆಬ್ಜೆಕ್ಟುಗಳು ಸೃಷ್ಟಿಯಾಗುವುದಿಲ್ಲ, ಆಬ್ಜೆಕ್ಟನ್ನು ಸಿದ್ಧಪಡಿಸುವ ಕನ್‌ಸ್ಟ್ರಕ್ಟರ್ ಒಮ್ಮೆಯೂ ಓಡುವುದಿಲ್ಲ. ಹುಟ್ಟುವುದು 24 ನಲ್‌ಗಳನ್ನು ಹೊತ್ತ ಒಂದು ಆಬ್ಜೆಕ್ಟ್ ಮಾತ್ರ. ಸಿ++ ಬಲ್ಲವರು ಇಲ್ಲಿ ಎಡವುವುದು ಸಹಜ, ಏಕೆಂದರೆ ಅಲ್ಲಿ ಅದೇ ಬರಹ 24 ಬಾರಿ ಕನ್‌ಸ್ಟ್ರಕ್ಟರನ್ನು ಓಡಿಸುತ್ತದೆ. ನಲ್ ಹೋಗಲೆಂದು ಫಿಲ್ ಮೆಥಡ್‌ಗೆ ಒಂದು ಹೊಸ ಆಬ್ಜೆಕ್ಟ್ ಕೊಟ್ಟರು. ಎಕ್ಸೆಪ್ಷನ್ ಹೋಯಿತು, ಆದರೆ ಹಿಂದಿನದಕ್ಕಿಂತ ವಿಚಿತ್ರವಾದ ಪಟ್ಟಿ ಬಂತು: ಕೊನೆಗೆ ಬಂದ ಗಂಟೆಯ ಅಂಕಿಯೇ 24 ಗಂಟೆಗಳಲ್ಲೂ. ಫಿಲ್ ತನಗೆ ಕೊಟ್ಟ ಒಂದೇ ಆಬ್ಜೆಕ್ಟಿನ ರೆಫರೆನ್ಸನ್ನು ಎಲ್ಲ ಖಾನೆಗಳಿಗೂ ಬರೆದಿತ್ತು. 2014ರ ಜಾವಾ 8ರಲ್ಲಿ ಬಂದ ಸೆಟ್‌ಆಲ್ ಮೆಥಡ್ ಪ್ರತಿ ಸೂಚ್ಯಂಕಕ್ಕೂ ಕೊಟ್ಟ ಫಂಕ್ಷನ್ನನ್ನು ಹೊಸದಾಗಿ ಕರೆಯುವುದರಿಂದ, ಅದನ್ನು ಬಳಸಿದ ಮೇಲೆ 24 ಬೇರೆ ಬೇರೆ ಆಬ್ಜೆಕ್ಟುಗಳು ಬಂದವು.

ಇದು ಕೆಲಸ ಮಾಡಿತು. ಆದರೂ ತಂಡದ ಹಿರಿಯ ಎಂಜಿನಿಯರ್ ಇದನ್ನು ಉಳಿಸಿಕೊಳ್ಳಲಿಲ್ಲ, ಏಕೆಂದರೆ ಯಾರು ಬೇಕಾದರೂ ನಾಳೆ ಇಂಥದ್ದೇ ಅರೇಯನ್ನು ಇನ್ನೊಂದು ಕಡೆ ಸೃಷ್ಟಿಸಿ ಸೆಟ್‌ಆಲ್ ಮರೆಯಬಹುದಿತ್ತು. ಅವರು ಬರೆದ ಅಂತಿಮ ರೂಪದಲ್ಲಿ ದಿನದ ದಾಖಲೆಗೆ ಒಂದು ಕ್ಲಾಸ್ ಇದೆ. ಅದರೊಳಗೆ, ಹೊರಗಿನವರ ಕೈಗೆ ಸಿಗದಂತೆ, ಹಳೆಯ ಡಬಲ್ ಅರೇಯೂ ಪಕ್ಕದಲ್ಲಿ 24 ಖಾನೆಗಳ ಒಂದು ಬೂಲಿಯನ್ ಅರೇಯೂ ಇವೆ. ಅಂಕಿ ಬಂದಾಗ ಎರಡಕ್ಕೂ ಒಟ್ಟಿಗೆ ಬರೆಯಲಾಗುತ್ತದೆ. ಓದುವವರಿಗೆ ಸಿಗುವುದು ಬರಿಯ ಡಬಲ್ ಅಲ್ಲ, ಖಾಲಿಯಾಗಿಯೂ ಇರಬಹುದಾದ ಆಪ್ಷನಲ್‌ಡಬಲ್.

ಬೂಲಿಯನ್ ಅರೇಗೆ ಅವರು ಇಟ್ಟ ಹೆಸರಿನಲ್ಲೇ ಈ ಪ್ರಕರಣದ ಜಾಣ್ಮೆಯೆಲ್ಲ ಇದೆ ಎಂದು ನನಗನ್ನಿಸುತ್ತದೆ. ಮೊದಲ ಕರಡಿನಲ್ಲಿ ಅದು ‘ಕಾಣೆಯಾಗಿದೆ’ ಎಂದಿತ್ತು. ಹುಟ್ಟಿದ ಕ್ಷಣದಲ್ಲಿ 24 ಖಾನೆಗಳಲ್ಲೂ ಫಾಲ್ಸ್ ಇರುವುದರಿಂದ, ಏನೂ ಬರುವ ಮೊದಲೇ ಆ ಅರೇ ‘ಯಾವುದೂ ಕಾಣೆಯಾಗಿಲ್ಲ’ ಎಂದು ಹೇಳಿಬಿಡುತ್ತಿತ್ತು, ಸೊನ್ನೆಯ ತಪ್ಪು ಇನ್ನೊಂದು ವೇಷದಲ್ಲಿ ಮರಳುತ್ತಿತ್ತು. ಅದನ್ನು ‘ಬಂದಿದೆ’ ಎಂದು ತಿರುಗಿಸಿದಾಗ ಭಾಷೆ ಕೊಡುವ ಫಾಲ್ಸ್ ಆ ಹೊತ್ತಿನ ವಾಸ್ತವಕ್ಕೆ ಸರಿಹೊಂದಿತು: ಇನ್ನೂ ಏನೂ ಬಂದಿಲ್ಲ. ಹೊಸದಾಗಿ ಹುಟ್ಟಿದ, ಯಾರೂ ಮುಟ್ಟದ ಅರೇ ತನ್ನ ಬಗ್ಗೆ ಸುಳ್ಳು ಹೇಳದಂತೆ ಮಾದರಿಯನ್ನು ಆರಿಸಿಕೊಂಡರೆ ತುಂಬುವ ಕೆಲಸವನ್ನು ಯಾರು ಮರೆತರೂ ಹಾನಿಯಿಲ್ಲ. ವಿದ್ಯುತ್ ಮೀಟರ್ ಓದಲು ಬರುವವರು ಬೀಗ ಹಾಕಿದ ಮನೆಯ ಮುಂದೆ ಸೊನ್ನೆ ಯೂನಿಟ್ ಎಂದು ಬರೆಯದೆ ‘ಡೋರ್ ಲಾಕ್’ ಎಂದು ಬರೆದುಕೊಂಡು ಹೋಗುವುದೂ ಇದೇ ವಿವೇಕದಿಂದ.

ನಿಯಮದ ಉತ್ತರವೂ ಬೂಲಿಯನ್ ಆಗಿ ಉಳಿಯಲಿಲ್ಲ. ಸೋರಿಕೆ ಇದೆ, ಇಲ್ಲ, ಹೇಳಲಾಗದು ಎಂಬ ಮೂರು ಬೆಲೆಗಳ ಎನಮ್ (ಹೆಸರಿಟ್ಟ ಬೆಲೆಗಳ ಪಟ್ಟಿ) ಆಯಿತು. ಜಾವಾದಲ್ಲಿ ಎನಮ್‌ಗಳ ಅರೇಯೂ ನಲ್‌ನಿಂದಲೇ ಶುರುವಾಗುತ್ತದೆ. ಸಿ# ಬಳಸುವವರು ಇಲ್ಲಿ ಎಚ್ಚರವಾಗಿರಬೇಕು. ಅಲ್ಲಿ ಎನಮ್‌ನ ಡೀಫಾಲ್ಟ್ ಎಂದರೆ ಸೊನ್ನೆಗೆ ಹೊಂದುವ ಬೆಲೆ, ಬೇರೆ ಸಂಖ್ಯೆ ಕೊಡದಿದ್ದರೆ ಪಟ್ಟಿಯ ಮೊದಲನೆಯದು. ಆದ್ದರಿಂದ ‘ಹೇಳಲಾಗದು’ ಎಂಬುದನ್ನೇ ಮೊದಲು ಬರೆಯುವುದು ಲೇಸು.

ಐದರಲ್ಲಿ ನಾಲ್ಕು ಗಂಟೆ ಹರಿವು ಇದ್ದು ಒಂದು ಗಂಟೆಯ ಅಂಕಿ ಬಾರದಿದ್ದರೆ ಏನೆನ್ನಬೇಕು ಎಂಬುದನ್ನು ಎಂಜಿನಿಯರುಗಳು ತಾವೇ ತೀರ್ಮಾನಿಸದೆ ಸಂಘದ ಮುಂದಿಟ್ಟರು. ಸತತ ಎರಡು ರಾತ್ರಿ ಹಾಗಾದರೆ ಮನೆಯವರಿಗೆ ಸಂದೇಶ ಹೋಗಲಿ ಎಂದಾಯಿತು. ಗೇಟ್‌ವೇ ರೀಸ್ಟಾರ್ಟ್ ಮಧ್ಯಾಹ್ನಕ್ಕೆ ಸರಿಯಿತು. ಹೊಸ ಸಂಕೇತ ಓಡಿದ ಮೊದಲ ವಾರದಲ್ಲೇ ಹಲವು ಮನೆಗಳಿಗೆ ಎಚ್ಚರಿಕೆ ಬಂತು. ಊರಿಗೆ ಹೋಗಿದ್ದವರ ಮನೆಯ ಫ್ಲಷ್ ವಾಲ್ವ್ ಅಷ್ಟರಲ್ಲಿ ಬದಲಾಗಿತ್ತು. ಬಿಲ್ಲು ಮೀಟರಿನ ಒಟ್ಟು ಅಂಕಿಯ ಮೇಲೆ ನಿಂತದ್ದಾದ್ದರಿಂದ ಅದು ತಪ್ಪಾಗಿರಲಿಲ್ಲ, ಎಚ್ಚರಿಕೆ ಕೊಡದ ತಿಂಗಳ ಹೆಚ್ಚುವರಿ ಹಣವನ್ನು ಕಂಪನಿ ಭರಿಸಿತು.

ಉಳಿದದ್ದು ಹಳೆಯ ದಾಖಲೆಗಳ ಪ್ರಶ್ನೆ. ಪ್ರತಿ ನಡುರಾತ್ರಿ ಇಡೀ ಅರೇಯನ್ನು ಡೇಟಾಬೇಸಿಗೆ ಬರೆಯಲಾಗುತ್ತಿದ್ದುದರಿಂದ, ಭಾಷೆ ಕೊಟ್ಟ ಸೊನ್ನೆಗಳೂ ಮೀಟರ್ ಕಳಿಸಿದ ಸೊನ್ನೆಗಳೂ ಅಲ್ಲಿ ಒಂದೇ ಆಗಿ ಕುಳಿತಿವೆ. ರೀಸ್ಟಾರ್ಟ್ ನಡೆದ ದಿನಗಳ ಮೂರನೆಯ ಖಾನೆಯನ್ನು ಗೇಟ್‌ವೇ ದಾಖಲೆಯ ಆಧಾರದ ಮೇಲೆ ‘ಬಂದಿಲ್ಲ’ ಎಂದು ಗುರುತಿಸಲಾಯಿತು. ಉಳಿದ ಹೊತ್ತಿನಲ್ಲಿ ಅಲ್ಲೊಂದು ಇಲ್ಲೊಂದು ತಪ್ಪಿಹೋದ ಅಂಕಿಗಳಿಗೆ ಅಂಥ ಆಧಾರವಿಲ್ಲ. ತಿಂಗಳ ಒಟ್ಟು ಅಂಕಿಯಿಂದ ಗಂಟೆವಾರು ಮೊತ್ತವನ್ನು ಕಳೆದರೆ ಎಷ್ಟು ಲೀಟರ್ ಲೆಕ್ಕಕ್ಕೆ ಸಿಕ್ಕಿಲ್ಲ ಎಂಬುದು ತಿಳಿಯುತ್ತದೆ, ಯಾವ ಗಂಟೆಗಳದ್ದು ಎಂಬುದು ತಿಳಿಯುವುದಿಲ್ಲ. ಆ ತಿಂಗಳುಗಳ ಗಂಟೆವಾರು ನಕ್ಷೆಯನ್ನು ಆ್ಯಪಿನಿಂದ ತೆಗೆದು, ತಿಂಗಳ ಮೊತ್ತವನ್ನಷ್ಟೇ ಉಳಿಸಲಾಗಿದೆ.